ಮನೆ ಸಾಮಾನುಗಳನ್ನು ದಾಸ್ತಾನು ಕೋಣೆಗೆ ಸಾಗಿಸುವ ಮುನ್ನ

ಮುಂಬಯಿ ಮಹಾನಗರದಲ್ಲಿ ಹಳೆಯ ಕಟ್ಟಡಗಳ ಪುನರ್ನಿರ್ಮಾಣ ಕಾರ್ಯವು ಭರದಿಂದ ಸಾಗಿದೆ. ಮೂರು ನಾಲ್ಕು ದಶಕ ಬಾಳಿದ ಮನೆಯನ್ನು ತೆರವುಗೊಳಿಸಿ ಎರಡು ಮೂರು ವರ್ಷ ಬಾಡಿಗೆಯ ಚಿಕ್ಕ ಮನೆಯಲ್ಲಿ ಕಾಲ ಕಳೆಯಬೇಕಾದ ಪ್ರಸಂಗ ನಮ್ಮ ಅನೇಕ ತುಳು-ಕನ್ನಡಿಗ ಕುಟುಂಬಗಳಿಗೆ ಒದಗುತ್ತಿದೆ. ಊರಿನಿಂದ ತಂದ ಹಿತ್ತಾಳೆಯ ಹಂಡೆ, ತೇಗದ ಮಂಚ, ಪುಸ್ತಕಗಳ ಕಪಾಟು ಇವೆಲ್ಲ ಆ ಚಿಕ್ಕ ಮನೆಯಲ್ಲಿ ಹಿಡಿಸಲಾರವು. ಆದ್ದರಿಂದ ತಿಂಗಳ ಬಾಡಿಗೆಗೆ ದೊರೆಯುವ ಸೆಲ್ಫ್ ಸ್ಟೋರೇಜ್ ಕೋಣೆಗಳನ್ನು ಆಶ್ರಯಿಸುವುದು ಈಗ ರೂಢಿಯಾಗುತ್ತಿದೆ. ಇಂತಹ ಕೋಣೆಗೆ ಬೀಗ ನಮ್ಮದೇ. ಒಳಗೆ ಇಟ್ಟ ವಸ್ತುಗಳ ಸುಸ್ಥಿತಿಯೂ ಬಹುಪಾಲು ನಾವು ಕಟ್ಟಿಡುವ ರೀತಿಯನ್ನೇ ಅವಲಂಬಿಸಿದೆ.

ಈ ಪಾಠವನ್ನು ನಾವು ನಷ್ಟ ಅನುಭವಿಸಿಯೇ ಕಲಿತೆವು. ತಾಯಿಯವರ ಜರತಾರಿ ಸೀರೆಯನ್ನು ನುಸಿಗುಳಿಗೆ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಟ್ಟಿದ್ದೆವು. ಎರಡು ಮಳೆಗಾಲ ಕಳೆದು ಬಿಚ್ಚಿದಾಗ ಜರಿ ಕಪ್ಪಾಗಿತ್ತು, ಮಡಿಕೆಯ ಗೆರೆಗಳಲ್ಲಿ ರೇಷ್ಮೆ ಸೀಳಿತ್ತು. ತಪ್ಪು ನಮ್ಮದೇ ಆಗಿತ್ತು.

ಮೊದಲು ವಿಂಗಡಣೆ

ಎಲ್ಲಕ್ಕಿಂತ ಮೊದಲು ಲೆಕ್ಕ ಹಾಕಬೇಕು. ಉದಾಹರಣೆಗೆ, ತಿಂಗಳಿಗೆ 3,000 ರೂಪಾಯಿ ಬಾಡಿಗೆಯಾದರೆ ಮೂರು ವರ್ಷಕ್ಕೆ 1,08,000 ರೂಪಾಯಿ. ತೆರಿಗೆ, ಸಾಗಾಟದ ಖರ್ಚು ಬೇರೆ. ಹಳೆಯ ಸೋಫಾ, ಸವೆದ ಪ್ಲೈವುಡ್ ಕಪಾಟುಗಳಿಗೆ ಇಷ್ಟು ವ್ಯಯಿಸುವುದು ಸೂಕ್ತವಲ್ಲ. ಮತ್ತೆ ಕೊಳ್ಳಬಹುದಾದುದನ್ನು ಮಾರಿ ಅಥವಾ ದಾನ ಮಾಡಿ, ಮತ್ತೆ ದೊರೆಯದುದನ್ನು ಮಾತ್ರ ಉಳಿಸಿಕೊಳ್ಳುವುದು ಒಳಿತು.

ಅಡುಗೆ ಅನಿಲದ ಸಿಲಿಂಡರ್, ಸೀಮೆಎಣ್ಣೆ, ಬಣ್ಣ, ಪಟಾಕಿ, ಇನ್ವರ್ಟರ್ ಬ್ಯಾಟರಿಗಳನ್ನು ಕೋಣೆಯಲ್ಲಿ ಇಡಕೂಡದು. ಅಕ್ಕಿ, ಬೇಳೆ, ಹಪ್ಪಳ, ಉಪ್ಪಿನಕಾಯಿಯ ಭರಣಿ ಯಾವುದೂ ಬೇಡ. ಒಂದು ಹಿಡಿ ಧಾನ್ಯ ಸಾಕು, ಇಲಿ ಮತ್ತು ಜಿರಳೆ ಹುಡುಕಿಕೊಂಡು ಬರುತ್ತವೆ. ಮನೆಯ ಕರಾರುಪತ್ರ, ಷೇರು ಪ್ರಮಾಣಪತ್ರ, ಆಭರಣ, ಹಿರಿಯರ ಛಾಯಾಚಿತ್ರಗಳು ನಮ್ಮ ಬಳಿಯೇ ಇರಲಿ ಅಥವಾ ಬ್ಯಾಂಕಿನ ಲಾಕರಿಗೆ ಹೋಗಲಿ. ಲಾಕರಿಗೂ ಮಿತಿಯುಂಟು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ನೌಕರರ ವಂಚನೆ ಇವುಗಳಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು.

ಮುಖ್ಯ ಶತ್ರು ತೇವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ನೆಲಮಹಡಿಗಳು ಮುಳುಗಿದ್ದನ್ನು ನಾವು ಯಾರೂ ಮರೆತಿಲ್ಲ. ಆದ್ದರಿಂದ ಮೇಲಿನ ಮಹಡಿಯ ಕೋಣೆಯನ್ನೇ ಆರಿಸಬೇಕು. ನೆಲದಿಂದ ನಾಲ್ಕು ಅಂಗುಲವಾದರೂ ಎತ್ತರದಲ್ಲಿ ಮರದ ಹಲಗೆಗಳನ್ನು ಹಾಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ಸಾಮಾನು ಜೋಡಿಸಬೇಕು. ಸಾಧ್ಯವಾದರೆ ಬೇಸಗೆಯಲ್ಲೇ ಕಟ್ಟಿ ಮುಗಿಸಬೇಕು. ಮಳೆಯ ದಿನ ಮುಚ್ಚಿದ ಪೆಟ್ಟಿಗೆಯೊಳಗೆ ತೇವವೂ ಸೇರಿಕೊಳ್ಳುತ್ತದೆ.

ಮರ: ಗೆದ್ದಲು ಇಲ್ಲವೆಂದು ಖಚಿತಪಡಿಸಿಕೊಂಡು, ಮಂಚ ಮತ್ತು ಮೇಜಿನ ಕಾಲುಗಳನ್ನು ಬಿಚ್ಚಿ, ತಿರುಪುಗಳನ್ನು ಸಣ್ಣ ಚೀಲದಲ್ಲಿ ಹಾಕಿ ಅದಕ್ಕೇ ಕಟ್ಟಬೇಕು. ಹೊದಿಸಲು ಹಳೆಯ ಹತ್ತಿಯ ಚಾದರವೇ ಮೇಲು. ಪ್ಲಾಸ್ಟಿಕ್ ಬಿಗಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಪುಸ್ತಕ: ಬಿಸಿಲು ನೇರವಾಗಿ ಬೀಳದ ಗಾಳಿಯಲ್ಲಿ ಒಣಗಿಸಿ, ಚಿಕ್ಕ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಬೇಕು. ಒಂದು ಪೆಟ್ಟಿಗೆ 15 ಕಿಲೋ ಮೀರದಿರಲಿ. ಭಾರ ಹೆಚ್ಚಾದರೆ ತಳ ಕಿತ್ತುಹೋಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಬಹುದು.

ಬಟ್ಟೆ: ರೇಷ್ಮೆಯನ್ನು ಗಂಜಿ ಹಾಕದ, ತೊಳೆದು ಒಣಗಿಸಿದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಬೇಕು. ಜರಿಗೆ ನುಸಿಗುಳಿಗೆ ತಾಗದಿರಲಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಬೇಕು.

ಪಾತ್ರೆ: ಹಿತ್ತಾಳೆ, ತಾಮ್ರಗಳನ್ನು ಹುಣಸೆಹಣ್ಣಿನಿಂದ ಉಜ್ಜಿ, ಹುಳಿಯ ಅಂಶ ಹೋಗುವಂತೆ ತೊಳೆದು, ಪೂರ್ಣ ಒಣಗಿಸಬೇಕು. ಬೆಳ್ಳಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಕಪ್ಪು ಕಲೆಯಾಗುತ್ತದೆ. ಪಿಂಗಾಣಿಗೆ ವೃತ್ತಪತ್ರಿಕೆಯ ಮಸಿ ಅಂಟದಂತೆ ಮೊದಲು ಬಿಳಿ ಕಾಗದ ಸುತ್ತಬೇಕು.

ಯಂತ್ರ: ಫ್ರಿಜ್ಜನ್ನು ಒರೆಸಿ, ಒಂದೆರಡು ದಿನ ತೆರೆದಿಟ್ಟು ಒಣಗಿಸಿ, ನೆಟ್ಟಗೆ ನಿಲ್ಲಿಸಿ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಇಟ್ಟು ತುಸು ತೆರೆದಿರುವಂತೆ ಮಾಡಬೇಕು. ಬಟ್ಟೆ ಒಗೆಯುವ ಯಂತ್ರದ ಕೊಳವೆಯ ನೀರನ್ನು ಪೂರ್ತಿ ಬಸಿಯಬೇಕು.

ವಾದ್ಯ: ವೀಣೆ, ತಂಬೂರಿಗಳ ತಂತಿಯನ್ನು ಸ್ವಲ್ಪ ಸಡಿಲಿಸಿ, ಮೇಲೆ ಭಾರ ಬೀಳದಂತೆ ಇಡಬೇಕು.

ಪಟ್ಟಿ ಮತ್ತು ಕರಾರು

ಪ್ರತಿ ಪೆಟ್ಟಿಗೆಯ ಪಕ್ಕದ ಮೈಮೇಲೆ ಸಂಖ್ಯೆ ಬರೆಯಬೇಕು. ಮೇಲ್ಭಾಗದಲ್ಲಿ ಬರೆದರೆ ಒಂದರ ಮೇಲೊಂದು ಪೇರಿಸಿದಾಗ ಕಾಣದು. ಪೆಟ್ಟಿಗೆಯೊಳಗಿನ ವಸ್ತುಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಛಾಯಾಚಿತ್ರಗಳನ್ನೂ ತೆಗೆದಿಡಬೇಕು. ಬೇಗ ಬೇಕಾಗುವ ಪೆಟ್ಟಿಗೆ ಬಾಗಿಲ ಬಳಿ ಇರಲಿ. ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಡಬೇಕು.

ಸಹಿ ಹಾಕುವ ಮುನ್ನ ಕರಾರನ್ನು ಪೂರ್ತಿ ಓದಬೇಕು. ನಷ್ಟವಾದರೆ ಹೊಣೆ ಎಷ್ಟು, ಬಾಡಿಗೆ ತಪ್ಪಿದರೆ ಸಾಮಾನಿನ ಗತಿಯೇನು, ಕೀಟನಾಶಕ ಸಿಂಪಡಿಸುವವರು ಯಾರು ಎಂಬುದು ಸ್ಪಷ್ಟವಿರಲಿ. ಮನೆಯ ವಿಮೆಯು ಸಾಮಾನ್ಯವಾಗಿ ನಮೂದಿಸಿದ ವಿಳಾಸಕ್ಕೆ ಸಂಬಂಧಿಸಿದ್ದು. ಕೋಣೆಯ ಸಾಮಾನಿಗೆ ಅದು ಅನ್ವಯಿಸುವುದೇ ಎಂದು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಬೇಕು. ಕರಾರಿನಲ್ಲಿ ಕುಟುಂಬದ ಇನ್ನೊಬ್ಬರ ಹೆಸರೂ ಇರಲಿ. ಬೀಗದ ಕೈ ಎಲ್ಲಿದೆ ಎಂಬುದು ಮನೆಯ ಯಜಮಾನರೊಬ್ಬರಿಗೇ ತಿಳಿದಿದ್ದು, ಅವರು ಇಲ್ಲವಾದಾಗ ಮನೆಯವರು ಪರದಾಡಿದ್ದನ್ನು ಬ್ಯಾಂಕಿನ ಸೇವೆಯಲ್ಲಿ ನಾವು ಎಷ್ಟೋ ಬಾರಿ ಕಂಡಿದ್ದೇವೆ.

ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಕೋಣೆ ತೆರೆದು ನೋಡಿ ಬರಬೇಕು. ಹೊಸ ಮನೆಯ ಗೃಹಪ್ರವೇಶದಂದು ಹಿರಿಯರ ಹಂಡೆಯೂ ದೀಪವೂ ಹೊಳೆಯುತ್ತ ಹೊಸ್ತಿಲು ದಾಟಬೇಕಾದರೆ ಇಷ್ಟು ಶ್ರಮ ಹೆಚ್ಚಲ್ಲ. ನಮ್ಮ ತಾಯಿಯವರ ಸೀರೆಯಲ್ಲಿ ಈಗ ಸೆರಗು ಮಾತ್ರ ಉಳಿದಿದೆ. ಅದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಇಟ್ಟುಕೊಂಡಿದ್ದೇವೆ.