ಹಾಥಾರ್ನ್ ಕಾರ್ಖಾನೆಯ ಐವರು ಯುವತಿಯರು



ನೌಕರನೊಬ್ಬ ಇನ್ನಷ್ಟು ಹುರುಪಿನಿಂದ ದುಡಿಯಬೇಕಾದರೆ ಏನು ಮಾಡಬೇಕು? ಸಂಬಳ ಹೆಚ್ಚಿಸಬೇಕೆ? ನಡುವೆ ಬಿಡುವು ಕೊಡಬೇಕೆ? ಅಥವಾ ಆತನ ಮಾತಿಗೆ ಕಿವಿಗೊಟ್ಟರೆ ಸಾಕೆ? ಮಾನವ ಸಂಪನ್ಮೂಲ ನಿರ್ವಹಣೆಯನ್ನು ಓದುವವರೆಲ್ಲ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಷಿಕಾಗೊ ನಗರದ ಪಕ್ಕದ ಒಂದು ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ಅವು ಎಷ್ಟು ಪ್ರಸಿದ್ಧವೋ ಅಷ್ಟೇ ವಿವಾದಾಸ್ಪದ.

ಅದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ. ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ಅಲ್ಲಿ ಹತ್ತಾರು ಸಾವಿರ ಜನ ದುಡಿಯುತ್ತಿದ್ದರು. ಆ ಕಾಲದಲ್ಲಿ ಎಂಜಿನಿಯರುಗಳ ಮೇಲೆ ಫ್ರೆಡರಿಕ್ ಟೇಲರನ ಪ್ರಭಾವ ಬಹಳವಿತ್ತು. 1911ರಲ್ಲಿ ಪ್ರಕಟವಾದ ಆತನ ಪುಸ್ತಕ ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಒಡೆದು ಅಳೆಯುವುದನ್ನು ಕಲಿಸಿತ್ತು. ಯಂತ್ರಕ್ಕೆ ಎಣ್ಣೆ ಹಾಕಿದಂತೆ ಮನುಷ್ಯನಿಗೂ ಸರಿಯಾದ ಪರಿಸರ ಮತ್ತು ಸರಿಯಾದ ಕೂಲಿ ಒದಗಿಸಿದರೆ ಉತ್ಪಾದನೆ ಏರುತ್ತದೆ ಎಂಬುದು ಅಂದಿನ ನಂಬಿಕೆ.

ಮೊದಲು ಪರೀಕ್ಷಿಸಿದ್ದು ಬೆಳಕನ್ನು. ದೀಪದ ಪ್ರಖರತೆ ಹೆಚ್ಚಿಸಿದಾಗ ಉತ್ಪಾದನೆ ಏರಿತು. ಆದರೆ ಬೆಳಕನ್ನು ಬದಲಿಸದೆ ಬಿಟ್ಟ ಗುಂಪಿನಲ್ಲೂ ಏರಿತು. ಕೊನೆಗೆ ಬೆಳದಿಂಗಳಷ್ಟು ಮಂದವಾದ ಬೆಳಕಿನಲ್ಲೂ ಇಬ್ಬರು ಯುವತಿಯರು ತಮ್ಮ ವೇಗವನ್ನು ಕಾಯ್ದುಕೊಂಡರು. ಎಂಜಿನಿಯರುಗಳಿಗೆ ದಿಗ್ಭ್ರಮೆ! ಉತ್ಪಾದನೆ ಬೆಳಕನ್ನು ಅವಲಂಬಿಸದಿದ್ದರೆ ಮತ್ಯಾವುದನ್ನು ಅವಲಂಬಿಸುತ್ತದೆ?

ಅದನ್ನು ತಿಳಿಯಲು 1927ರಲ್ಲಿ ಐವರು ಯುವತಿಯರನ್ನು ಪ್ರತ್ಯೇಕ ಕೊಠಡಿಗೆ ಕರೆತಂದರು. ರಿಲೇ ಜೋಡಿಸುವುದು ಅವರ ಕೆಲಸ. ರಿಲೇ ಎಂದರೆ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ವಿದ್ಯುತ್ಕಾಂತದ ಬಲದಿಂದ ಸಂಪರ್ಕವನ್ನು ಜೋಡಿಸುವ, ಕಡಿಯುವ ಪುಟ್ಟ ಸ್ವಿಚ್ಚು. ಸುಮಾರು 35 ಬಿಡಿಭಾಗಗಳು, ಜೋಡಿಸಲು ಸುಮಾರು ಒಂದು ನಿಮಿಷ. ಆರನೆಯವಳು ಭಾಗಗಳನ್ನು ಒದಗಿಸುತ್ತಿದ್ದಳು. ಕೊಠಡಿಯಲ್ಲೇ ಕುಳಿತ ವೀಕ್ಷಕನೊಬ್ಬ ಎಲ್ಲವನ್ನೂ ದಾಖಲಿಸುತ್ತಿದ್ದ.

ಬೆಳಿಗ್ಗೆ, ಮಧ್ಯಾಹ್ನ ಐದು ನಿಮಿಷ ಬಿಡುವು ಕೊಟ್ಟರು, ಉತ್ಪಾದನೆ ಏರಿತು. ಬಿಡುವನ್ನು ಹತ್ತು ನಿಮಿಷಕ್ಕೆ ಹೆಚ್ಚಿಸಿದರು. ಉಪಾಹಾರ ಕೊಟ್ಟರು. ಅರ್ಧ ಗಂಟೆ ಬೇಗ ಮನೆಗೆ ಕಳುಹಿಸಿದರು. ಮುಂದೆ 1928ರಲ್ಲಿ ಈ ಸೌಲಭ್ಯಗಳನ್ನೆಲ್ಲ ಹಿಂತೆಗೆದುಕೊಂಡು ಹಳೆಯ ವೇಳಾಪಟ್ಟಿಗೆ ಮರಳಿದರು. ಆಗ ವಾರದ ಒಟ್ಟು ಉತ್ಪಾದನೆ ಕುಸಿಯಬೇಕಿತ್ತಲ್ಲವೇ? ಇಲ್ಲ, ಅದು ಹಿಂದೆಂದಿಗಿಂತ ಮೇಲಕ್ಕೇರಿತು! ಒಟ್ಟಾರೆ ಈ ಪ್ರಯೋಗದಲ್ಲಿ ಉತ್ಪಾದನೆ ಸುಮಾರು ಶೇಕಡಾ 30ರಷ್ಟು ಹೆಚ್ಚಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ ಇದಕ್ಕೆ ವಿವರಣೆ ನೀಡಿದರು. ಆ ಯುವತಿಯರ ಅಭಿಪ್ರಾಯ ಕೇಳಲಾಗಿತ್ತು, ಗದರುವ ಮೇಸ್ತ್ರಿ ಅಲ್ಲಿರಲಿಲ್ಲ, ಅವರು ಒಂದು ತಂಡವಾಗಿ ಬೆಳೆದಿದ್ದರು. ಮನುಷ್ಯನಿಗೆ ಕೂಲಿಗಿಂತ ಮನ್ನಣೆ ಮುಖ್ಯ ಎಂಬ ಅರ್ಥದಲ್ಲಿ ಈ ವಿವರಣೆ ಜಗತ್ತಿನಾದ್ಯಂತ ಪಠ್ಯಪುಸ್ತಕಗಳನ್ನು ಸೇರಿತು. ಗಮನ ಸಿಕ್ಕಿದೆಯೆಂಬ ಕಾರಣಕ್ಕೇ ವರ್ತನೆ ಬದಲಾಗುವುದನ್ನು ‘ಹಾಥಾರ್ನ್ ಪರಿಣಾಮ’ ಎಂದು ಕರೆಯುವುದೂ 1950ರ ದಶಕದಲ್ಲಿ ರೂಢಿಗೆ ಬಂತು.

ಆದರೆ ವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ಕಲಿಯುವ ಮೊದಲ ಪಾಠವೇನು? ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದವನ್ನು ಸ್ಥಿರವಾಗಿಡಬೇಕು. ಹಾಥಾರ್ನ್‌ನಲ್ಲಿ ಹಾಗಾಗಲಿಲ್ಲ.

ಆರಂಭದಲ್ಲೇ ಕೂಲಿಯ ಕ್ರಮ ಬದಲಾಯಿತು. ಹಿಂದೆ ಸುಮಾರು ನೂರು ಜನರ ಒಟ್ಟು ಉತ್ಪಾದನೆಯ ಮೇಲೆ ನಿಗದಿಯಾಗುತ್ತಿದ್ದ ಗಳಿಕೆ ಈಗ ಈ ಪುಟ್ಟ ಗುಂಪಿನ ಉತ್ಪಾದನೆಯ ಮೇಲೆಯೇ ನಿಂತಿತು. ತಾನು ಬೇಗ ದುಡಿದರೆ ತನ್ನ ಕೈಗೇ ಹೆಚ್ಚು ಹಣ ಬರುವುದು ಪ್ರತಿಯೊಬ್ಬಳಿಗೂ ಕಾಣುತ್ತಿತ್ತು. ಬೇರೆ ಐವರಿಗೆ ಹೊಸ ಕೊಠಡಿ, ಬಿಡುವು ಯಾವುದನ್ನೂ ಕೊಡದೆ ಈ ಕೂಲಿ ಪದ್ಧತಿಯನ್ನು ಮಾತ್ರ ಅನ್ವಯಿಸಿದಾಗ ಉತ್ಪಾದನೆ ಸುಮಾರು ಶೇಕಡಾ 12ರಷ್ಟು ಏರಿತು, ಹಿಂತೆಗೆದಾಗ ಇಳಿಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. 1928ರ ಜನವರಿಯಲ್ಲಿ ಐವರಲ್ಲಿ ಇಬ್ಬರನ್ನು ಕೊಠಡಿಯಿಂದ ಹೊರಗೆ ಕಳುಹಿಸಲಾಯಿತು. ಅತಿಯಾಗಿ ಮಾತನಾಡುತ್ತಾರೆ, ಸಹಕರಿಸುವುದಿಲ್ಲ ಎಂಬುದು ಅವರ ಮೇಲಿದ್ದ ದೂರು. ಅವರ ಜಾಗಕ್ಕೆ ಬಂದವರು ಹೆಚ್ಚು ಚುರುಕಿನವರು. ಅವರಲ್ಲೊಬ್ಬಳು ಉಳಿದವರನ್ನೂ ಹುರಿದುಂಬಿಸುವ ನಾಯಕಿಯಾದಳು. ಉಳಿದ ಮೂವರು ಇದರಿಂದ ಏನು ತಿಳಿದುಕೊಂಡಿರಬೇಕು? ಮನ್ನಣೆಯ ಜೊತೆಗೆ ಭಯವೂ ಆ ಕೊಠಡಿಯಲ್ಲಿತ್ತು ಎಂದರೆ ತಪ್ಪಾಗದು.

ಇದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ರಾತ್‌ಲಿಸ್‌ಬರ್ಗರ್ ಮತ್ತು ಡಿಕ್ಸನ್ 1939ರಲ್ಲಿ ಪ್ರಕಟಿಸಿದ ಬೃಹತ್ ವರದಿಯಲ್ಲೇ ಇದೆಲ್ಲ ಅಚ್ಚಾಗಿತ್ತು. ಕಥೆಯನ್ನು ಹೇಳುತ್ತಾ ಹೋದವರು ಬಿಟ್ಟರು, ಅಷ್ಟೆ. 1967ರಲ್ಲಿ ಆಸ್ಟ್ರೇಲಿಯದ ಅಲೆಕ್ಸ್ ಕ್ಯಾರಿ ಅದೇ ವರದಿಯನ್ನು ಮತ್ತೆ ಓದಿ, ಕೂಲಿ ಮತ್ತು ಶಿಸ್ತುಕ್ರಮಗಳ ಪಾತ್ರವನ್ನು ಕಡೆಗಣಿಸಲಾಗಿದೆ ಎಂದು ತೋರಿಸಿದರು.

1931ರ ಕೊನೆಗೆ ನಡೆದ ಇನ್ನೊಂದು ಅಧ್ಯಯನವೂ ಗಮನಾರ್ಹ. ಈ ಬಾರಿ ತಂತಿ ಜೋಡಣೆಯ ವಿಭಾಗದ 14 ಮಂದಿ ಪುರುಷರು. ಅವರನ್ನೂ ವೀಕ್ಷಕನೊಬ್ಬ ನೋಡುತ್ತಿದ್ದ. ಆದರೂ ಉತ್ಪಾದನೆ ಏರಲಿಲ್ಲ! ದಿನಕ್ಕೆ ಇಷ್ಟೇ ಕೆಲಸ ಎಂದು ಅವರು ತಮ್ಮೊಳಗೇ ಮಿತಿ ಹಾಕಿಕೊಂಡಿದ್ದರು. ಮಿತಿ ಮೀರಿದವನ ತೋಳಿಗೆ ಗೆಳೆಯರೇ ಗುದ್ದುತ್ತಿದ್ದರು. ಇದು ಸೋಮಾರಿತನವೇ? ಹೆಚ್ಚು ದುಡಿದರೆ ಕೂಲಿಯ ದರ ಇಳಿಸುತ್ತಾರೆ, ಇಲ್ಲವೇ ಕೆಲವರನ್ನು ಮನೆಗೆ ಕಳುಹಿಸುತ್ತಾರೆ ಎಂಬುದು ಅವರ ಅಂಜಿಕೆ. ಆರ್ಥಿಕ ಮುಗ್ಗಟ್ಟಿನ ಕಾಲವದು. 1932ರ ಮೇ ತಿಂಗಳಲ್ಲಿ ಈ ಅಧ್ಯಯನ ನಿಂತದ್ದೇ ಅವರಿಗೆ ಕೊಡಲು ಕೆಲಸವಿಲ್ಲದೆ.

ಹಾಗಾದರೆ ಮೇಯೊ ಹೇಳಿದ್ದು ಸುಳ್ಳೇ? ಹಾಗಲ್ಲ. ನೌಕರರ ಮಾತನ್ನು ಆಲಿಸುವುದು ಮುಖ್ಯ. ಆ ಕಾರ್ಖಾನೆಯಲ್ಲಿ 20 ಸಾವಿರಕ್ಕೂ ಹೆಚ್ಚು ನೌಕರರನ್ನು ಸಂದರ್ಶಿಸಿದ್ದು ಅಂದಿಗೆ ದೊಡ್ಡ ಹೆಜ್ಜೆಯೇ ಸರಿ. ಆದರೆ ಆಲಿಸುವುದು ನ್ಯಾಯವಾದ ಕೂಲಿಗೆ, ಕೆಲಸದ ಭದ್ರತೆಗೆ ಬದಲಿಯಾಗಲಾರದು. ಬೆನ್ನು ತಟ್ಟಿದರೆ ಸಾಕು, ಸಂಬಳದ ಮಾತು ಬೇಡ ಎನ್ನುವವರಿಗೆ ಹಾಥಾರ್ನ್ ದಾಖಲೆಗಳು ಆಧಾರ ಒದಗಿಸುವುದಿಲ್ಲ.

ಹಾಥಾರ್ನ್ ಕಾರ್ಖಾನೆ 1980ರ ದಶಕದಲ್ಲಿ ಮುಚ್ಚಿತು. ಪ್ರಯೋಗಗಳ ಕಥೆ ಮಾತ್ರ ಪಠ್ಯಪುಸ್ತಕಗಳಲ್ಲಿ ಇನ್ನೂ ಇದೆ. ನಿಮ್ಮ ಪುಸ್ತಕದಲ್ಲಿ ಆ ಅಧ್ಯಾಯ ಬಂದಾಗ ಎರಡು ವಿಷಯಗಳನ್ನು ಹುಡುಕಿ ನೋಡಿ: ಕೂಲಿಯ ಕ್ರಮ ಬದಲಾದದ್ದನ್ನು ಅದು ಹೇಳಿದೆಯೆ? ಹೊರಗೆ ಕಳುಹಿಸಲಾದ ಆ ಇಬ್ಬರು ಅದರಲ್ಲಿ ಇದ್ದಾರೆಯೆ? ಇಲ್ಲದಿದ್ದರೆ ತರಗತಿಯಲ್ಲಿ ಕೈಯೆತ್ತಿ ಕೇಳಿ.