ಕಾಲು ದರದ ಹೊತ್ತಿನಲ್ಲಿ ಗಣಕಯಂತ್ರದ ಕರೆ

ತೊಂಬತ್ತರ ದಶಕದಲ್ಲಿ ಉಚ್ಚಿಲದಂಥ ಕರಾವಳಿಯ ಊರುಗಳ ಎಸ್‌ಟಿಡಿ ಬೂತ್‌ಗಳಿಗೆ ರಾತ್ರಿಯ ಹೊತ್ತು ಮುಖ್ಯವಾಗಿತ್ತು. ಹನ್ನೊಂದು ದಾಟಿದರೆ ದೂರದ ಕರೆಗೆ ಕಾಲು ದರ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮಗನ ದನಿ ಕೇಳಲು ಅದಕ್ಕಿಂತ ಅಗ್ಗದ ಹೊತ್ತು ಇರಲಿಲ್ಲ. ದೂರವಾಣಿಯ ದರ ನೋಡಿ ಕರೆ ಮಾಡುವ ಈ ಲೆಕ್ಕಾಚಾರ ಗಣಕಯಂತ್ರಗಳಿಗೂ ಇತ್ತೆಂಬುದು ಅನೇಕರಿಗೆ ತಿಳಿಯದು.

ದೂರವಾಣಿಯ ತಂತಿ ಇರುವುದು ಮನುಷ್ಯನ ದನಿಗಾಗಿ. ಗಣಕಯಂತ್ರ ಬಲ್ಲದ್ದು ಸೊನ್ನೆ ಮತ್ತು ಒಂದು ಮಾತ್ರ. ಈ ಅಂಕಿಗಳನ್ನು ಸ್ವರವಾಗಿಸಿ ತಂತಿಗೆ ಬಿಟ್ಟು, ಆಚೆ ತುದಿಯಲ್ಲಿ ಮತ್ತೆ ಅಂಕಿಯಾಗಿಸುವ ದುಭಾಷಿಯೇ ಮೋಡೆಮ್. ಅಮೆರಿಕದ ಬೆಲ್ ಪ್ರಯೋಗಾಲಯದ ಮೈಕ್ ಲೆಸ್ಕ್ 1976ರಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ಯುಯುಸಿಪಿ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಪತ್ರಗಳನ್ನು ಕೂಡಿಟ್ಟು, ನಿಗದಿತ ಹೊತ್ತಿಗೆ ಇನ್ನೊಂದು ಯಂತ್ರಕ್ಕೆ ಫೋನ್ ಮಾಡಿ, ಎಲ್ಲವನ್ನೂ ಒಟ್ಟಿಗೆ ದಾಟಿಸಿ ಫೋನ್ ಇಡುವುದು ಅದರ ಕೆಲಸ. ಸೆಕೆಂಡಿಗೆ 2,400 ಬಿಟ್ ವೇಗದ ಮೋಡೆಮ್ ಒಂದು ನಿಮಿಷದಲ್ಲಿ ಸುಮಾರು 14,000 ಇಂಗ್ಲಿಷ್ ಅಕ್ಷರಗಳನ್ನು ಕಳಿಸಬಲ್ಲದು. ಅಂದರೆ ಏಳು ಪುಟದಷ್ಟು ಪತ್ರ!

ಭಾರತದಲ್ಲಿ ಈ ದಾರಿ ತೆರೆದದ್ದು ಅರ್ನೆಟ್. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ 1986ರಲ್ಲಿ ಆರಂಭಿಸಿದ ಈ ಜಾಲದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಮೊದಲ ಇ-ಅಂಚೆ ಓಡಾಡಿದ್ದು ಮುಂಬಯಿಯಲ್ಲೇ ಇದ್ದ ಎರಡು ಸಂಸ್ಥೆಗಳ ನಡುವೆ, ಸಾಮಾನ್ಯ ದೂರವಾಣಿ ಕರೆಯ ಮೂಲಕ.

ಒಂದೇ ತಂತಿಯಲ್ಲಿ ಬರುವ ಕರೆಯನ್ನೂ ಹೋಗುವ ಕರೆಯನ್ನೂ ನಿಭಾಯಿಸುವುದು ಕೇಳಿದಷ್ಟು ಸುಲಭವಲ್ಲ. ಒಳಬರುವ ಕರೆಗಾಗಿ ಯುನಿಕ್ಸ್‌ನಲ್ಲಿ 'ಗೆಟ್ಟಿ' ಎಂಬ ಪ್ರೋಗ್ರಾಂ ಬಾಗಿಲು ಕಾಯುತ್ತದೆ. ಆಚೆಯ ಮೋಡೆಮ್ಮಿನ ಸ್ವರ ಸಿಕ್ಕಿತೆಂಬ ಸಂಕೇತ ಬಂದ ಮೇಲಷ್ಟೇ ಅದು ಎಚ್ಚರಗೊಂಡು ಹೆಸರು, ಗುಪ್ತಪದ ಕೇಳುತ್ತದೆ. ಆದರೆ ಹೊರಗೆ ಕರೆ ಮಾಡುವಾಗ ಆ ಸಂಕೇತ ಇನ್ನೂ ಹುಟ್ಟಿಯೇ ಇರುವುದಿಲ್ಲ. ಅದಕ್ಕಾಗಿ ಕಾಯುತ್ತ ಕುಳಿತರೆ ನಂಬರ್ ತಿರುಗಿಸುವವರು ಯಾರು? ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳಲ್ಲಿ ಇದಕ್ಕೊಂದು ಉಪಾಯವಿತ್ತು: ಒಂದೇ ಸಂಪರ್ಕಕ್ಕೆ ಎರಡು ಹೆಸರು. ಒಂದು ಹೆಸರಿನಿಂದ ತೆರೆದರೆ ಸಂಕೇತಕ್ಕಾಗಿ ಕಾಯುತ್ತದೆ. ಇನ್ನೊಂದರಿಂದ ತೆರೆದರೆ ಕಾಯುವುದಿಲ್ಲ. ಇಬ್ಬರು ಒಮ್ಮೆಗೇ ನುಗ್ಗದಂತೆ, ತಂತಿಯನ್ನು ಮೊದಲು ಹಿಡಿದ ಪ್ರೋಗ್ರಾಂ ಬೀಗದ ಗುರುತಾಗಿ ಒಂದು ಪುಟ್ಟ ಕಡತ ಇಟ್ಟು, ಕೆಲಸ ಮುಗಿದ ಮೇಲೆ ಅದನ್ನು ಅಳಿಸುತ್ತದೆ.

ಹೊಂದಾಣಿಕೆ ತಪ್ಪಿದರೆ ನಷ್ಟ ನಿಜವಾದದ್ದು. ಕೆಲಸ ಮುಗಿದರೂ ಮೋಡೆಮ್ ಫೋನ್ ಇಡದಿದ್ದರೆ ಮೀಟರ್ ಓಡುತ್ತಲೇ ಇರುತ್ತದೆ. ನಮ್ಮ ಹಳೆಯ ವಿನಿಮಯ ಕೇಂದ್ರಗಳದ್ದು ಇನ್ನೊಂದು ತೊಡಕು. ಸ್ಟ್ರೌಜರ್ ಮಾದರಿಯ ಕೇಂದ್ರಗಳಿಗೆ ತಿಳಿಯುತ್ತಿದ್ದದ್ದು ತಿರುಗು ಡಯಲಿನ ಟಕಟಕ ಮಿಡಿತ ಮಾತ್ರ. ಅಲ್ಲಿ 'ಎಟಿಡಿಟಿ' ಎಂಬ ಸ್ವರದ ಆಜ್ಞೆಯ ಬದಲು 'ಎಟಿಡಿಪಿ' ಎಂದು ಬರೆಯಬೇಕಿತ್ತು. ಒಂದಕ್ಷರ ತಪ್ಪಿದರೆ ಕರೆಯೇ ಹೋಗದು.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಾಲ್ಕು ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಆಗ ಜನರು ಮನೆಯ ಮೋಡೆಮ್ಮಿನಿಂದ ಅದರ ಯುನಿಕ್ಸ್ ಯಂತ್ರಕ್ಕೆ ಕರೆ ಮಾಡತೊಡಗಿದರು. ಕೇಂದ್ರವಿಲ್ಲದ ಊರಿನವರಿಗೆ ಇಂಟರ್‌ನೆಟ್ ಎಂದರೆ ಎಸ್‌ಟಿಡಿ ಕರೆಯೇ. ಗಡಿಯಾರ ನೋಡದೆ ಅದಕ್ಕೆ ಕೈಹಾಕುವಂತಿರಲಿಲ್ಲ.

ಇಂದು ಸಂಪರ್ಕ ದಿನವಿಡೀ ತೆರೆದಿರುತ್ತದೆ, ಕರೆ ಮಾಡುವ ಮಾತೇ ಇಲ್ಲ. ಆದರೆ ಪ್ರತ್ಯೇಕ ತಂತಿ ಎಳೆಯುವುದು ದುಬಾರಿಯಾಗಿದ್ದ ಕಾಲದಲ್ಲಿ, ಇದ್ದ ತಂತಿಗೇ ಹೊಸ ಭಾಷೆ ಕಲಿಸಿದ್ದರಿಂದ ಈ ದೇಶ ಜಾಲಕ್ಕೆ ಸೇರಿತು. ಕಾಯುವುದು, ಕರೆಯುವುದು, ಕೆಲಸ ಮುಗಿದೊಡನೆ ತಂತಿ ಬಿಟ್ಟುಕೊಡುವುದು: ಯಂತ್ರಗಳು ಮೊದಲು ಕಲಿತ ಪಾಠ ಇಷ್ಟೇ.