ಅಂಗಳದ ಕುಂಡೆಕುಸ್ಕದ ಮೇಲೊಂದು ಅನುಮಾನ

ಅಂಗಳದಲ್ಲಿ ಅಡಿಕೆ ಒಣಹಾಕುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಕಡೆಯ ಮನೆಗಳಿಗೆ ಒಂದು ಪುಟ್ಟ ಹಕ್ಕಿ ಬಂದಿರುತ್ತದೆ. ಬೆನ್ನು ಬೂದು, ಬಾಲದ ಬುಡ ಹಳದಿ. ಉದ್ದನೆಯ ಬಾಲವನ್ನು ಒಂದೇ ಸಮನೆ ಮೇಲೆ ಕೆಳಗೆ ಕುಣಿಸುತ್ತ ಅಡಿಕೆಗಳ ನಡುವೆ ಓಡಾಡಿ ಹುಳ ಹೆಕ್ಕುತ್ತದೆ. ನಮ್ಮ ಆಡುಮಾತಿನಲ್ಲಿ ಅದು ಕುಂಡೆಕುಸ್ಕ, ಪುಸ್ತಕಗಳಲ್ಲಿ ಬೂದು ಸಿಪಿಲೆ. ತೂಕ ಸುಮಾರು 18 ಗ್ರಾಂ. ಹಿಮಾಲಯದ ಮತ್ತು ಅದಕ್ಕೂ ಉತ್ತರದ ನಾಡುಗಳ ತೊರೆಗಳ ಬಳಿ ಮರಿಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ. ಅದೇ ದಿನಗಳಲ್ಲಿ ಅಡಿಕೆ ತೋಟದ ತರಗೆಲೆಯ ನಡುವಿನಿಂದ ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಕೇಳಿಸಿದರೆ ನವರಂಗವೂ ಬಂದಿದೆ ಎಂದು ತಿಳಿಯಿರಿ.

ಇಂಥ ನಿರುಪದ್ರವಿಗೆ ಕಲ್ಲೆಸೆದವರನ್ನು ನಾನು ನೋಡಿದ್ದೇನೆ. 1983ರ ಬೇಸಗೆಗೆ ಮುಂಚಿನ ತಿಂಗಳುಗಳವು, ನಾನಿನ್ನೂ ಶಾಲಾ ಬಾಲಕ. ನೆರೆಯ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಆಸುಪಾಸಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತು. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸೊಪ್ಪು ಸೌದೆಗೆ ಹೋದವರು ಜ್ವರ ಹಿಡಿದು ಮಲಗುತ್ತಿದ್ದರು, ಕೆಲವರು ಏಳಲೇ ಇಲ್ಲ. ನಮ್ಮನ್ನು ಗುಡ್ಡಕ್ಕೆ ಬಿಡುತ್ತಿರಲಿಲ್ಲ. ಒಂದು ಬೆಳಗ್ಗೆ ದೊಡ್ಡಪ್ಪ ಅಂಗಳದ ಕುಂಡೆಕುಸ್ಕಕ್ಕೆ ಕಲ್ಲೆಸೆದು, “ರಷ್ಯದಿಂದ ರೋಗ ತರುವುದು ಇವೇ” ಎಂದರು. ದೊಡ್ಡಪ್ಪ ಓದಿದವರು, ಮಾತು ಎಲ್ಲಿಂದಲೋ ಹಾರಿಬಂದದ್ದಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಬಳಿಕ. ಅದರ ಹಿಂದೊಂದು ವಿಜ್ಞಾನದ ಕತೆಯೇ ಇದೆ.

ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರ ತಡವಾಗಿ. ಚಳಿಗಾಲ ಬಂದಾಗ ಒಂದು ಜಾತಿಯ ಹಕ್ಕಿ ಇನ್ನೊಂದು ಜಾತಿಯಾಗಿ ಮಾರ್ಪಡುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದ. ಕವಲುತೋಕೆಗಳು ಕೆರೆಯ ಕೆಸರಿನಲ್ಲಿ ಹುದುಗಿ ನಿದ್ರಿಸುತ್ತವೆ ಎಂದು ನಂಬಿದವರು 18ನೆಯ ಶತಮಾನದಲ್ಲೂ ಇದ್ದರು. 1822ರಲ್ಲಿ ಜರ್ಮನಿಯಲ್ಲಿ ಒಂದು ಕೊಕ್ಕರೆಯನ್ನು ಹೊಡೆದುರುಳಿಸಿದಾಗ ಅದರ ಕೊರಳಲ್ಲಿ ಆಫ್ರಿಕದ ಬಾಣವೊಂದು ನಾಟಿಕೊಂಡಿತ್ತು. ಬಾಣ ಹೊತ್ತೇ ಅದು ಖಂಡ ದಾಟಿ ಬಂದಿತ್ತು! ವಲಸೆಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು.

ಆದರೆ ಪ್ರತಿ ಹಕ್ಕಿಯೂ ಬಾಣ ಹೊತ್ತು ಬರುವುದಿಲ್ಲವಲ್ಲ. ಡೆನ್ಮಾರ್ಕಿನ ಶಿಕ್ಷಕ ಹಾನ್ಸ್ ಕ್ರಿಸ್ಟಿಯನ್ ಮಾರ್ಟೆನ್ಸನ್ 1890ರಲ್ಲಿ ಕಬ್ಬಕ್ಕಿ ಜಾತಿಯ ಹಕ್ಕಿಗಳ ಕಾಲಿಗೆ ಸತುವಿನ ಉಂಗುರ ತೊಡಿಸಿ ನೋಡಿದ. ಭಾರವಾಯಿತು. 1899ರಲ್ಲಿ ವಿಳಾಸ, ಸಂಖ್ಯೆ ಕೊರೆದ ಅಲ್ಯುಮಿನಿಯಮ್ ಉಂಗುರ ತೊಡಿಸಿದ; ಪ್ರಯೋಗ ಫಲಿಸಿತು. ಸತುವಿನ ಸಾಂದ್ರತೆ ನೀರಿನ ಸುಮಾರು 7 ಪಟ್ಟು, ಅಲ್ಯುಮಿನಿಯಮ್ಮಿನದು 2.7 ಪಟ್ಟು. 1886ರಲ್ಲಿ ವಿದ್ಯುದ್ವಿಶ್ಲೇಷಣೆಯಿಂದ ಅಲ್ಯುಮಿನಿಯಮ್ ತೆಗೆಯುವ ಹಾಲ್–ಹೆರೂ ವಿಧಾನ ಬರುವ ತನಕ ಅದು ದುಬಾರಿ ಲೋಹವಾಗಿತ್ತು. ರಸಾಯನ ವಿಜ್ಞಾನದ ಪಾಠದಲ್ಲಿ ಈ ವಿಧಾನವನ್ನು ಕಲಿಸುವ ಅಧ್ಯಾಪಕರು ಹಕ್ಕಿಯ ಕಾಲುಂಗುರವನ್ನೂ ಒಮ್ಮೆ ನೆನೆಯಬಹುದು.

ಈಗ ನಮ್ಮ ನಾಡಿಗೆ ಬನ್ನಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿದರು. ಹರಡುವುದು ಉಣ್ಣಿ, ಅಂದರೆ ಉಣುಗು. ಅಚ್ಚರಿಯೆಂದರೆ ಈ ವೈರಸ್, ರಷ್ಯದ ಕಾಡುಗಳಲ್ಲಿ ಉಣ್ಣಿಯಿಂದ ಬರುವ ಮಿದುಳು ಜ್ವರದ ವೈರಸ್ಸಿನ ಬಂಧುವಾಗಿತ್ತು. ಸಾವಿರಾರು ಕಿಲೋಮೀಟರ್ ಆಚೆಯ ಬಂಧು ಮಲೆನಾಡಿಗೆ ಬಂದದ್ದು ಹೇಗೆ? ಪ್ರತಿವರ್ಷ ಆ ದಿಕ್ಕಿನಿಂದ ಬರುವವರು ಯಾರು? ಬೆರಳು ಹಕ್ಕಿಗಳತ್ತ ತಿರುಗಿತು. ಕಾಯಿಲೆ ಕಾಣಿಸುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಹಕ್ಕಿಗಳು ಇಲ್ಲಿರುವುದೂ ಬಹುಪಾಲು ಅದೇ ಕಾಲದಲ್ಲಿ. ಊಹೆ ಅಸಂಬದ್ಧವೇನೂ ಆಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಾಲಿಂ ಆಲಿಯವರ ನೇತೃತ್ವದಲ್ಲಿ 1959ರ ಸುಮಾರಿಗೆ ದೊಡ್ಡ ಪ್ರಮಾಣದ ಉಂಗುರ ತೊಡಿಸುವ ಕಾರ್ಯ ಆರಂಭವಾಯಿತು. ತೆಳು ನೂಲಿನ ಬಲೆ ಕಟ್ಟಿ ಹಕ್ಕಿಗಳನ್ನು ಹಿಡಿಯುವುದು, ಮೈಮೇಲಿನ ಉಣ್ಣಿ ಹೆಕ್ಕುವುದು, ರಕ್ತದ ಮಾದರಿ ತೆಗೆಯುವುದು, ಬೊಂಬಾಯಿಗೆ ತಿಳಿಸಿ ಎಂದು ಕೊರೆದ ಉಂಗುರ ತೊಡಿಸಿ ಬಿಟ್ಟುಬಿಡುವುದು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೈಬೀರಿಯ, ಕಜಾಕಸ್ತಾನಗಳಲ್ಲಿ ಸಿಕ್ಕಿದವು. ಮುಂಬಯಿಯ ಒಂದು ಹುಲ್ಲುಹಾಸಿಗೆ ಅದೇ ಕುಂಡೆಕುಸ್ಕ ವರ್ಷವರ್ಷವೂ ಮರಳಿ ಬಂದದ್ದು ಉಂಗುರದಿಂದಲೇ ತಿಳಿಯಿತು. ನಿಮ್ಮ ಅಂಗಳಕ್ಕೆ ಬರುವುದು ಹೋದ ವರ್ಷದ್ದೇ ಇರಬಹುದು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದೇ ಧೈರ್ಯದಿಂದ.

ಆರೋಪ ಏನಾಯಿತು? ಹಕ್ಕಿಗಳೇ ವೈರಸ್ ತಂದವು ಎಂಬುದು ಸಿದ್ಧವಾಗಲಿಲ್ಲ. ಕ್ಯಾಸನೂರಿನ ವೈರಸ್ ರಷ್ಯದ ವೈರಸ್ಸಿನ ಬಂಧುವೇ ಹೊರತು ಅದೇ ಅಲ್ಲ. ಅದರ ಅತಿ ಹತ್ತಿರದ ಸಂಬಂಧಿ 1990ರ ದಶಕದಲ್ಲಿ ಸಿಕ್ಕಿದ್ದು ಸೌದಿ ಅರೇಬಿಯದಲ್ಲಿ. ಕಾಯಿಲೆಯ ಕಾಲಕ್ಕೂ ಬೇರೆಯೇ ಕಾರಣವಿತ್ತು. ಮಳೆ ನಿಂತ ಬಳಿಕ ಎಳೆಯ ಉಣ್ಣಿಗಳು ಹೆಚ್ಚುವುದು ಆ ತಿಂಗಳುಗಳಲ್ಲಿ, ಜನ ಕಾಡಿಗೆ ಹೋಗುವುದೂ ಆಗಲೇ. ಎರಡು ಸಂಗತಿಗಳು ಒಟ್ಟಿಗೆ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. 1969ರಲ್ಲಿ ಜಾರ್ಜ್ ಬೋಶೆಲ್ ಎಂಬ ವಿಜ್ಞಾನಿ ಬೊಟ್ಟು ಮಾಡಿದ್ದು ನಮ್ಮತ್ತಲೇ: ಕಾಡು ಕಡಿದು ಬಯಲಾದಲ್ಲಿ ದನ ಮೇಯಿಸಿದೆವು, ಬೆಳೆದ ಉಣ್ಣಿಗಳಿಗೆ ದನಗಳ ರಕ್ತ ಯಥೇಚ್ಛ ಸಿಕ್ಕಿತು, ಅವುಗಳ ಸಂಖ್ಯೆ ಏರಿತು. ನಿಡ್ಲೆಯ ಕಡೆ ಕಾಯಿಲೆ ಬಂದದ್ದೂ ಗೇರು ನೆಡಲು ಕಾಡು ಕಡಿದ ಮೇಲೆಯೇ. ಈ ವಿಷಯ ದೊಡ್ಡಪ್ಪನಿಗೆ ಹೇಳುವ ಅವಕಾಶ ನನಗೆ ಸಿಗಲಿಲ್ಲ.

2021ರ ಜನವರಿಯಲ್ಲಿ ಕೇರಳದ ಬಾತುಕೋಳಿಗಳಲ್ಲಿ ಹಕ್ಕಿಜ್ವರ ಕಂಡಾಗ ವಿದ್ಯಾರ್ಥಿಯೊಬ್ಬ, “ಸಾರ್, ಹಕ್ಕಿಗಳಿಗೆ ಇಟ್ಟ ನೀರು, ಕಾಳು ತೆಗೆದುಬಿಡಲೇ?” ಎಂದು ಕೇಳಿದ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡ, ಪಾತ್ರೆಯನ್ನು ದಿನವೂ ತೊಳೆ ಎಂದೆ. ಕಾಳಿನ ಬಗ್ಗೆ ಮಾತ್ರ ಒಂದು ಲೆಕ್ಕ ಮಾಡಿಸಿದೆ. ಅದನ್ನು ನೀವೂ ಮಾಡಬಹುದು.

ಚಳಿಗಾಲದಲ್ಲಿ ಹಕ್ಕಿಗೆ ಕಾಳು ಇಡುವ ರೂಢಿ ಬೆಳೆದದ್ದು ಹಿಮ ಬೀಳುವ ನಾಡುಗಳಲ್ಲಿ. 1890–91ರ ಕಠೋರ ಚಳಿಯಲ್ಲಿ ಬ್ರಿಟನ್ನಿನ ಪತ್ರಿಕೆಗಳು ಹಕ್ಕಿಗಳಿಗೆ ಆಹಾರ ಇಡುವಂತೆ ಜನರನ್ನು ಕೇಳಿಕೊಂಡವು. ಅಲ್ಲಿ ಅದಕ್ಕೆ ಅರ್ಥವಿತ್ತು. ಹಕ್ಕಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹೊರಗೆ ಮೈನಸ್ 5 ಡಿಗ್ರಿ ಇದ್ದರೆ ಅಂತರ 46. ಪುತ್ತೂರಿನ ಡಿಸೆಂಬರ್ ರಾತ್ರಿ 20 ಡಿಗ್ರಿ ಎಂದುಕೊಂಡರೆ ಅಂತರ 21. ನ್ಯೂಟನ್ನನ ಶೀತಲೀಕರಣ ನಿಯಮದಂತೆ ಉಷ್ಣನಷ್ಟದ ದರ ಈ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಅಲ್ಲಿ ಸುಮಾರು 2.2 ಪಟ್ಟು. ಆಗ ಕೋಪನ್‌ಹೇಗನ್ನಿನಲ್ಲಿ ರಾತ್ರಿ 17 ಗಂಟೆ, ಇಲ್ಲಿ ಹನ್ನೆರಡೂವರೆ. ಅದನ್ನೂ ಗುಣಿಸಿದರೆ ಅಲ್ಲಿನ ಹಕ್ಕಿ ಒಂದು ರಾತ್ರಿಗೆ ಸರಿಸುಮಾರು ಮೂರು ಪಟ್ಟು ಶಾಖ ಕಳೆದುಕೊಳ್ಳುತ್ತದೆ. ಮಾರನೆಯ ದಿನ ಅದನ್ನು ತುಂಬಿಕೊಳ್ಳಲು ಅದಕ್ಕಿರುವುದು ಏಳೇ ಗಂಟೆಯ ಬೆಳಕು. (ಗರಿ ಉಬ್ಬಿಸುವುದು ಇತ್ಯಾದಿಗಳನ್ನು ಇಲ್ಲಿ ಬಿಟ್ಟಿದ್ದೇನೆ, ಇದು ಸ್ಥೂಲ ಲೆಕ್ಕ.)

ನಮ್ಮಲ್ಲಿ ಚಳಿಗಾಲ ಕೊರತೆಯ ಕಾಲವಲ್ಲ. ಅಲ್ಲದೆ ಕುಂಡೆಕುಸ್ಕ, ನವರಂಗ, ಉಲಿಯಕ್ಕಿಗಳು ಹುಳು ತಿನ್ನುವಂಥವು. ನೀವು ಚೆಲ್ಲಿದ ಅಕ್ಕಿಯನ್ನು ಮುಟ್ಟುವುದೂ ಇಲ್ಲ. ಅನ್ನಕ್ಕೆ ಕಾಗೆ ಬರುತ್ತದೆ ಅಷ್ಟೆ. ಇನ್ನೊಂದು ವಿಚಿತ್ರ ನೋಡಿ. 2005ರಿಂದೀಚೆಗೆ ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಎಂಬ ಕಾಳುತಿನಿ ಹಕ್ಕಿಗಳು ಏಕಾಣುಜೀವಿಯೊಂದರ ಸೋಂಕಿನಿಂದ ಭಾರೀ ಸಂಖ್ಯೆಯಲ್ಲಿ ಸತ್ತವು. ಸೋಂಕು ಹರಡಲು ನೆರವಾದ ತಾಣಗಳಲ್ಲಿ ಜನರು ಪ್ರೀತಿಯಿಂದ ಇಟ್ಟ ಕಾಳಿನ ತಟ್ಟೆಗಳೂ ಸೇರಿವೆ. ಹಕ್ಕಿಯಿಂದ ನಮಗೆ ರೋಗ ಎಂದು ಹುಡುಕುತ್ತಿದ್ದವರಿಗೆ ಇದು ತಿರುವುಮುರುವು.

ತೋಟದ ತರಗೆಲೆಯನ್ನು ಗುಡಿಸಿ ಸುಡದಿದ್ದರೆ, ಕಣಿಯ ಬದಿಗೆ ಕಳೆನಾಶಕ ಹೊಡೆಯದಿದ್ದರೆ ನವರಂಗಕ್ಕೆ ಊಟ ಅಲ್ಲೇ ಇದೆ. ಫೆಬ್ರವರಿ ಕಳೆದು ಬಿಸಿಲೇರಿದಾಗ ಅಡಿಕೆ ಹಾಳೆಯಲ್ಲಿ ನೀರಿಡಿ. ಅಂದಹಾಗೆ ಫೆಬ್ರವರಿಯಲ್ಲೇ ಹಿತ್ತಲ ಹಕ್ಕಿಗಳ ಜಾಗತಿಕ ಎಣಿಕೆ ನಾಲ್ಕು ದಿನ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದಕ್ಕೆ ಭಾರತ 2013ರಿಂದ ಸೇರಿಕೊಂಡಿದೆ. ಹದಿನೈದು ನಿಮಿಷ ಅಂಗಳದಲ್ಲಿ ಕೂತು, ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಬರೆದರೆ ಸಾಕು. ನಿಮ್ಮ ಶಾಲೆಯಲ್ಲಿ ಇನ್ನೊಂದು ಪಟ್ಟಿಯನ್ನೂ ಇಡಬಹುದು: ಕುಂಡೆಕುಸ್ಕ ಈ ವರ್ಷ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ. ನನ್ನ ಪುಸ್ತಕದಲ್ಲಿ ಕೊನೆಯ ದಿನದ ಕಾಲಮ್ಮು ಹಲವು ವರ್ಷ ಖಾಲಿ ಉಳಿದಿದೆ. ಬಂದದ್ದು ಕಣ್ಣಿಗೆ ಬೀಳುತ್ತದೆ, ಹೋದದ್ದು ಗೊತ್ತಾಗುವ ಹೊತ್ತಿಗೆ ವಾರ ಕಳೆದಿರುತ್ತದೆ.